ಐದು ತಂಗಳು ದಿನ

ನನ್ನ ತಂಗಿ ನೀಲಾಳಿಗೆ ಹೆರಿಗೆ ನೋವು ಶುರುವಾದದ್ದು ಬೆಳಿಗ್ಗೆ ಎಂಟು ಗಂಟೆಗೆ, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೈ ಒರೆಸಿಕೊಳ್ಳುತ್ತಿದ್ದಾಗ. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಅದೇ ನೋವು, ಅದೇ ಎಂಟು ಗಂಟೆಗೆ, ಒಟ್ಟು ಆರು ಸಲ ಶುರುವಾದದ್ದನ್ನು ನಾನು ಬಲ್ಲೆ. ಮೊದಲನೆಯದು ಸೃಷ್ಟಿಯ ನಿಯಮ. ಉಳಿದ ಐದು ನನ್ನ ಕೈಯ ಕೆಲಸ.

ನನ್ನ ಹೆಸರು ಸುಗಂಧಿ. ನಮ್ಮೂರಿನ ಮಾತಿನ ಕಚೇರಿಯಲ್ಲಿ ಗುಮಾಸ್ತೆ. ಊರಿನಲ್ಲಿ ಮುನ್ನೂರ ಹನ್ನೆರಡು ಮನೆ. ಒಂದೊಂದು ಮನೆಯವರೂ ಅವತ್ತು ತಮ್ಮಲ್ಲಿ ಆದದ್ದನ್ನು ಒಂದೆರಡು ಸಾಲು ಚೀಟಿಯಲ್ಲಿ ಬರೆದು ಮಧ್ಯಾಹ್ನ ಮೂರರೊಳಗೆ ಕಚೇರಿಯ ಡಬ್ಬಕ್ಕೆ ಹಾಕಬೇಕು. ನಾನು ಅಷ್ಟನ್ನೂ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಒಂದು ಪಟ್ಟಿ ಮಾಡಿ, ಸಂಜೆ ಆರಕ್ಕೆ ಗುಡ್ಡದ ಮೇಲಕ್ಕೆ ಕಳಿಸಬೇಕು. ಗುಡ್ಡ ಪಟ್ಟಿಯನ್ನು ಒಪ್ಪಿದರೆ ಮಾರನೆಯ ದಿನ ಬೆಳಗಾಗುತ್ತದೆ. ಒಪ್ಪದಿದ್ದರೆ ಬೆಳಗಾಗುವುದು ನಿನ್ನೆಯೇ. ಅಂಥ ದಿನವನ್ನು ನಾವು ತಂಗಳು ದಿನ ಅನ್ನುತ್ತೇವೆ. ಬೇರೆ ಊರುಗಳಲ್ಲಿ ದಿನಗಳು ತಾವಾಗಿಯೇ ಮುಂದಕ್ಕೆ ಹೋಗುತ್ತವಂತೆ. ನಮಗೆ ಆ ಅನುಕೂಲವಿಲ್ಲ.

ಗುಡ್ಡಕ್ಕೆ ಹೋಗುವ ಪಟ್ಟಿಗೆ ಕಂಪ್ಯೂಟರಿನದೊಂದು ಕ್ರಮವಿದೆ, ಅದರ ಹೆಸರು ಜೇಸನ್. ಊರಿನವರು ಅದು ಮೇಲಿರುವ ಯಾರೋ ಅಧಿಕಾರಿಯ ಹೆಸರೆಂದುಕೊಂಡು “ಜೇಸನ್ ಸಾಹೇಬ್ರು ಒಪ್ಪಿದ್ರೇನಮ್ಮ?” ಎಂದು ನನ್ನನ್ನು ಕೇಳುತ್ತಾರೆ. ಕೇಳಿ ಕೇಳಿ ನನಗೂ ಅಲ್ಲೊಬ್ಬರು ಕನ್ನಡಕದ ಸಾಹೇಬರು ಕೂತಿರುವಂತೆಯೇ ಅನ್ನಿಸಿಬಿಟ್ಟಿದೆ. ಅವರ ಕ್ರಮ ಬಹಳ ಸರಳ. ಮೊದಲು ಮನೆಯ ಸಂಖ್ಯೆ, ಅದರ ಮುಂದೆ ಆ ಮನೆಯ ಮಾತು. ಮಾತಿನ ಮುಂಚೆ ಒಂದು ಜೋಡಿ ಕಡ್ಡಿ, ಅಂದರೆ ಉದ್ಧರಣ ಚಿಹ್ನೆ, ಮಾತು ಮುಗಿದ ಮೇಲೆ ಒಂದು ಜೋಡಿ ಕಡ್ಡಿ. ಮೊದಲ ಕಡ್ಡಿ ಕಂಡ ಕೂಡಲೇ ಸಾಹೇಬರು ಕಿವಿ ತೆರೆಯುತ್ತಾರೆ, ಎರಡನೆಯದು ಕಂಡ ಕೂಡಲೇ ಮುಚ್ಚುತ್ತಾರೆ. ಆದರೆ ಜನ ಬರೆಯುವಾಗ ಇನ್ನೊಬ್ಬರು ಆಡಿದ್ದನ್ನೂ ಬರೆಯುತ್ತಾರಲ್ಲ, ಅತ್ತೆ ಹೀಗಂದಳು, ಮಗ ಹಾಗಂದ ಎಂದು, ಅದಕ್ಕೂ ಆಚೆ ಈಚೆ ಅದೇ ಜೋಡಿ ಕಡ್ಡಿಯನ್ನೇ ಹಾಕುತ್ತಾರೆ. ಅದು ಹಾಗೇ ಮೇಲೆ ಹೋದರೆ ಸಾಹೇಬರು ಮಾತು ಮುಗಿಯಿತೆಂದು ಅರ್ಧದಲ್ಲೇ ಕಿವಿ ಮುಚ್ಚುತ್ತಾರೆ. ಮುಂದಿನದು ತಲೆಬುಡ ತಿಳಿಯದೆ ಇಡೀ ಪಟ್ಟಿಯನ್ನು ಎಸೆದುಬಿಡುತ್ತಾರೆ. ಒಂದು ಮನೆಯ ಒಂದು ಕಡ್ಡಿಗಾಗಿ ಊರಿಗೆ ಊರೇ ನಿನ್ನೆಯಲ್ಲಿ ಕೂರಬೇಕಾಗುತ್ತದೆ.

ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಅಚ್ಯುತಯ್ಯನವರು ಇದಕ್ಕೊಂದು ದಾರಿ ಇಟ್ಟುಕೊಂಡಿದ್ದರು. ಕೆಂಪು ಪೆನ್ಸಿಲು. ಚೀಟಿಯಲ್ಲಿ ಇನ್ನೊಬ್ಬರ ಮಾತು ಕಂಡರೆ ಕಡ್ಡಿಯಿಂದ ಕಡ್ಡಿಯವರೆಗೆ ಗೀಟು ಎಳೆದು ಅಷ್ಟನ್ನೂ ಬಿಟ್ಟು ಟೈಪು ಮಾಡುವುದು. ಕಡ್ಡಿ ಮಾತ್ರ ತೆಗೆದು ಮಾತು ಉಳಿಸಬಾರದೇ ಎಂದು ನಾನು ಸೇರಿದ ಹೊಸದರಲ್ಲಿ ಕೇಳಿದ್ದೆ. ಅವರು ಒಂದು ಸಲ ಹಾಗೆ ಮಾಡಿ ನೋಡಿದ್ದರಂತೆ. ಸೊಸೆಯೊಬ್ಬಳು ಅತ್ತೆಯ ಬೈಗುಳವನ್ನು ಚೀಟಿಯಲ್ಲಿ ಬರೆದಿದ್ದಳು. ಕಡ್ಡಿ ಕಿತ್ತು ಕಳಿಸಿದ್ದಕ್ಕೆ ಬೆಳಗೆದ್ದರೆ ಬೈಗುಳ ಸೊಸೆಯ ಬಾಯಿಗೇ ಅಂಟಿಕೊಂಡಿತ್ತು. ಪಾಪ, ದೇವರ ಮುಂದೆ ಕೈ ಮುಗಿದರೂ ಅದೇ ಬರುತ್ತಿತ್ತಂತೆ. ಆಮೇಲೆ ಅವರು ಪೂರ್ತಿ ಕತ್ತರಿಸುವುದನ್ನೇ ರೂಢಿ ಮಾಡಿಕೊಂಡರು. ಕತ್ತರಿಸಿದ ಮಾತು ಪಟ್ಟಿಯಿಂದ ಹೋದಂತೆ ಊರಿನಿಂದಲೂ ಹೋಗುತ್ತದೆ. ಆಡಿದವರಿಗೂ ನೆನಪಿರುವುದಿಲ್ಲ, ಕೇಳಿದವರಿಗೂ ನೆನಪಿರುವುದಿಲ್ಲ. ಕತ್ತರಿಸಿದವರಿಗೆ ಮಾತ್ರ ನೆನಪಿರುತ್ತದೆ. ಯಾರೂ ದೂರು ಕೊಡುವಂತಿಲ್ಲವಾದ್ದರಿಂದ ಇದು ಬಹಳ ನೆಮ್ಮದಿಯ ಪದ್ಧತಿ ಎಂದು ಅಚ್ಯುತಯ್ಯ ಹೇಳುತ್ತಿದ್ದರು. ನನಗೆ ಮಾತ್ರ ಕೆಲಸಕ್ಕೆ ಸೇರಿದ ಎಂಟು ತಿಂಗಳಿನಿಂದ ನೆಮ್ಮದಿಯೆಂಬುದು ಇರಲಿಲ್ಲ. ಬೀದಿಯಲ್ಲಿ ಎದುರಾದವರ ಮುಖ ನೋಡಿದರೆ, ಇವರ ಮಗಳು ಇವರಿಗೆ ಏನೆಂದಿದ್ದಳು, ನಾನು ಏನನ್ನು ತೆಗೆದೆ ಎಂಬುದೇ ಕಣ್ಣಿಗೆ ಕಟ್ಟುತ್ತಿತ್ತು.

ನೀಲಾ ನನ್ನ ಜೊತೆಗೇ ಇದ್ದಳು. ಅವಳ ಗಂಡ ಲಾರಿಯಲ್ಲಿ ಸರಕು ಹಾಕಿಕೊಂಡು ದೂರ ಹೋಗಿದ್ದ. ಹೆರಿಗೆಯ ಹೊತ್ತಿಗೆ ಬಂದು ಸೇರುತ್ತೇನೆಂದಿದ್ದ, ಇನ್ನು ಒಂದು ದಿನದ ದಾರಿಯಲ್ಲಿದ್ದ. ಅವತ್ತಿನ ಚೀಟಿಯನ್ನು ಅವಳು ಹಿಂದಿನ ರಾತ್ರಿಯೇ ಬರೆದು ದೀಪದ ಬುಡದಲ್ಲಿಟ್ಟಿದ್ದಳು. ಎಂಟಕ್ಕೆ ನೋವು ಬಂತು. ನಾನು ಸೂಲಗಿತ್ತಿ ಜೈತೂನ್ ಬಿಯನ್ನು ಕರೆತಂದು ಬಿಟ್ಟು, ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಕಚೇರಿಗೆ ಓಡಿದೆ. ಊರಿನ ಒಂದನೇ ನಂಬರಿನ ಮನೆ ನಮ್ಮದೇ. ಹಾಗಾಗಿ ದಿನವೂ ನಾನು ಮೊದಲು ಟೈಪು ಹೊಡೆಯುವುದು ನಮ್ಮ ಮಾತನ್ನು. ಹೊಡೆದೆ. ಕಣ್ಣು ಚೀಟಿಯ ಮೇಲಿತ್ತು, ಜೀವ ಮನೆಯಲ್ಲಿತ್ತು. ಸಂಜೆ ಆರಕ್ಕೆ ಪಟ್ಟಿ ಕಳಿಸಿ ಮನೆಗೆ ಬಂದಾಗ ನೀಲಾ ಮಂಚದ ಕಂಬ ಹಿಡಿದು ಹಲ್ಲು ಕಚ್ಚುತ್ತಿದ್ದಳು. ಜೈತೂನ್ ಬಿ ಹೊಟ್ಟೆ ಸವರಿ, “ಚೊಚ್ಚಲಲ್ವಾ ತಾಯಿ, ತಡ ಆಗ್ತದೆ. ಬೆಳಗಾದ ಮೇಲೆ ಕೂಸು ಹೊರಗೆ,” ಅಂದರು.

ಕೋಳಿ ಕೂಗಿತು. ನೀಲಾ ಕೂಗುವುದನ್ನು ನಿಲ್ಲಿಸಿದಳು. ನಾನು ಮಗು ಬಂತೆಂದು ಎದ್ದು ನಿಂತರೆ, ಅವಳು ಮಂಚದ ಮೇಲೆ ಎದ್ದು ಕೂತು ತನ್ನ ತುಂಬಿದ ಹೊಟ್ಟೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ನೋವಿಲ್ಲ, ಸುಸ್ತಿಲ್ಲ, ತಲೆಗೂದಲು ಹಿಂದಿನ ರಾತ್ರಿ ಹೆಣೆದಂತೆಯೇ ಅಚ್ಚುಕಟ್ಟಾಗಿದೆ. ಜೈತೂನ್ ಬಿ ಕೋಣೆಯಲ್ಲೇ ಇಲ್ಲ, ತಮ್ಮ ಮನೆಯ ಹಾಸಿಗೆಯಲ್ಲಿ ಎಚ್ಚರಗೊಂಡಿದ್ದರು. ತಂಗಳು ದಿನದಲ್ಲಿ ಮೈ ಹಿಂದಕ್ಕೆ ಹೋಗುತ್ತದೆ, ಮನಸ್ಸು ಹೋಗುವುದಿಲ್ಲ.

“ಅಕ್ಕ,” ಅಂದಳು ನೀಲಾ. “ಎಂಟು ಗಂಟೆಗೆ ಮತ್ತೆ ಶುರುವಾಗುತ್ತಾ?”

ದೀಪದ ಬುಡದಲ್ಲಿ ಚೀಟಿ ಮತ್ತೆ ಬಂದು ಕೂತಿತ್ತು. ಅದನ್ನು ಎತ್ತಿಕೊಂಡು ಚಪ್ಪಲಿಯನ್ನೂ ಮೆಟ್ಟದೆ ಹೊರಟೆ.

ಊರಿನವರು ಮೊದಲ ತಂಗಳು ದಿನಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಹತ್ತಾರು ವರ್ಷಕ್ಕೊಮ್ಮೆ ಬರುವಂಥದ್ದು, ಅದೂ ಒಂದು ರಜೆ. ನಿನ್ನೆ ತಿಂದ ಹೋಳಿಗೆ ಮತ್ತೆ ಡಬ್ಬಿಯಲ್ಲಿತ್ತು. ನಿನ್ನೆ ಒಡೆದ ಕನ್ನಡಿ ಗೋಡೆಯ ಮೇಲೆ ಇಡಿಯಾಗಿತ್ತು, ಈ ಸಲ ಅದನ್ನು ಒಡೆಯದೆ ಉಳಿಸಿಕೊಳ್ಳಲು ಆ ಮನೆಯವರು ಅದರ ಮುಂದೆ ಕಾವಲು ಕೂತರು. ಅಗಸರ ಮನೆಯವರು ಮಾತ್ರ ಒಗೆದ ಬಟ್ಟೆಯೆಲ್ಲ ಮತ್ತೆ ಕೊಳೆಯಾಗಿ ರಾಶಿ ಬಿದ್ದದ್ದನ್ನು ಕಂಡು ತಲೆ ಮೇಲೆ ಕೈ ಹೊತ್ತರು. ನನ್ನ ಸ್ಥಿತಿಯೂ ಅಷ್ಟೇ. ಹೊಡೆದಿದ್ದ ಮುನ್ನೂರ ಹನ್ನೆರಡು ಸಾಲೂ ಕಂಪ್ಯೂಟರಿನಿಂದ ಮಾಯವಾಗಿದ್ದವು. ಮತ್ತೆ ಒಂದರಿಂದ ಹೊಡೆಯಬೇಕು. ತಪ್ಪು ಎಲ್ಲಿದೆಯೆಂದು ಗುಡ್ಡ ಹೇಳುವುದಿಲ್ಲ. ದಿನಕ್ಕೆ ಒಂದೇ ಸಲ ಕಳಿಸಲು ಅವಕಾಶ, ಉತ್ತರ ಬರುವುದು ಕೋಳಿ ಕೂಗಿದಾಗ.

ಯಾವುದೋ ಚೀಟಿಯಲ್ಲಿ ಕಡ್ಡಿಯೊಂದು ನನ್ನ ಕಣ್ಣು ತಪ್ಪಿಸಿದೆ ಅಂದುಕೊಂಡೆ. ಎರಡನೇ ನಂಬರಿನಿಂದ ಹಿಡಿದು ಪ್ರತಿ ಚೀಟಿಯನ್ನೂ ಎರಡೆರಡು ಸಲ ನೋಡಿದೆ. ಕೆಂಪು ಪೆನ್ಸಿಲನ್ನು ಮೂರು ಸಲ ಕೆತ್ತಿದೆ. ಕಡ್ಡಿಗಳನ್ನು ಕತ್ತರಿಸಿದ್ದಲ್ಲದೆ ಅನುಮಾನ ಬಂದದ್ದನ್ನೂ ಕತ್ತರಿಸಿದೆ. ಕುಂಬಾರರ ಮನೆಯವರು ಹೆಸರಿನ ಪಕ್ಕ ಬಿಡಿಸುವ ಹೂವು ಹೋಯಿತು. ಆಶ್ಚರ್ಯದ ಗೀಟುಗಳು ಹೋದವು. ಸಂಜೆ ಕಳಿಸಿದೆ. ಬೆಳಿಗ್ಗೆ ಕೋಳಿ ಕೂಗಿತು, ನೀಲಾಳ ಕೂಗು ನಿಂತಿತು. ದೀಪದ ಬುಡದ ಚೀಟಿಯನ್ನು ಮತ್ತೆ ಎತ್ತಿಕೊಂಡೆ.

ಎರಡನೆಯ ತಂಗಳಿಗೆ ಊರು ಗೊಣಗತೊಡಗಿತು. ಹೋಳಿಗೆ ಬೇಸರ ಬಂತು. ಹಲ್ಲುನೋವಿನವರಿಗೆ ಅದೇ ಹಲ್ಲುನೋವು. ನಮ್ಮೂರಿನವರು ಎಲ್ಲೇ ಇದ್ದರೂ ಅವರ ದಿನ ನಮ್ಮ ಪಟ್ಟಿಯದೇ, ಹಾಗಾಗಿ ಲಾರಿಯಲ್ಲಿದ್ದ ನೀಲಾಳ ಗಂಡನೂ ಇನ್ನೂ ಒಂದು ದಿನದ ದಾರಿಯಲ್ಲೇ ಇದ್ದ. ನೀಲಾ ಎಂಟು ಗಂಟೆಯಾಗುವುದನ್ನು ಗಡಿಯಾರ ನೋಡುತ್ತಾ ಕಾಯತೊಡಗಿದಳು. ನೋವಿಗಿಂತ ಆ ಕಾಯುವುದೇ ಕೆಟ್ಟದ್ದೆಂದು ಜೈತೂನ್ ಬಿ ನನಗೆ ಹಿತ್ತಲಲ್ಲಿ ನಿಂತು ಹೇಳಿದರು. “ಮೈ ಹೊಸದೇ ಇದ್ಯಮ್ಮ, ಮೈಗೇನೂ ಆಗಿಲ್ಲ. ಹುಡುಗಿ ಒಳಗೇ ಮುರೀತಿದಾಳೆ. ಕಣ್ಣು ನೋಡು ಅವಳದ್ದು. ಬೇಗ ಏನಾದ್ರೂ ಮಾಡು.”

ಮಾಡಿದೆ. ಇನ್ನಷ್ಟು ಕತ್ತರಿಸಿದೆ. ಮೂರನೆಯ ತಂಗಳೂ ಬಂತು. ಅವತ್ತು ಮಧ್ಯಾಹ್ನ ಕಚೇರಿಯ ಮುಂದೆ ಜನ ಸೇರಿದರು. ಅನುಮಾನ ಬಂದ ಮನೆಗಳನ್ನು ಪಟ್ಟಿಯಿಂದಲೇ ಬಿಟ್ಟುಬಿಡು ಎಂದು ಒಬ್ಬರು ಸಲಹೆ ಕೊಟ್ಟರು. ಉಳಿದವರು ಅವರನ್ನು ನೋಡಿದ ನೋಟಕ್ಕೆ ಅವರೇ ಹಿಂದೆ ಸರಿದರು. ಹೂವಾಡಿಗರ ಬೀದಿಯ ಕೊನೆಯಲ್ಲಿ ಹಾಗೆ ಬಿಟ್ಟುಹೋದ ಮನೆಯೊಂದು ಈಗಲೂ ಇದೆ. ನಲವತ್ತು ವರ್ಷದಿಂದ ಅದರ ತಂತಿಯ ಮೇಲೆ ಅದೇ ಹಸಿರು ಸೀರೆ ಒಣಗುತ್ತಿದೆ, ಒಳಗಿನಿಂದ ಅದೇ ಒಗ್ಗರಣೆಯ ವಾಸನೆ ಬರುತ್ತದೆ. ಯಾರೂ ಆ ಕಡೆ ಹೋಗುವುದಿಲ್ಲ.

ತಂಗಳು ದಿನಗಳಿಂದ ಸುಖಪಟ್ಟವರು ಊರಿನಲ್ಲಿ ಒಬ್ಬರೇ, ನಮ್ಮ ಎದುರು ಮನೆಯ ಸಾವಂತ್ರಮ್ಮ. ಅವರ ಯಜಮಾನರು ರುದ್ರಮುನಿ ಮೇಷ್ಟ್ರು. ಲಕ್ವ ಹೊಡೆದು ಎರಡು ವರ್ಷದಿಂದ ಬಾಯಿ ಬಿದ್ದುಹೋಗಿತ್ತು. ಮೊದಲನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮೇಷ್ಟ್ರು ಇದ್ದಕ್ಕಿದ್ದಂತೆ ಗೋಡೆಯ ಕಡೆಯಿಂದ ಮುಖ ತಿರುಗಿಸಿ, “ಸಾವಂತ್ರಿ, ಊಟ ಆಯ್ತಾ?” ಎಂದು ಕೇಳಿದ್ದರು. ಅಷ್ಟೇ, ಮತ್ತೆ ಬಾಯಿ ಮುಚ್ಚಿಹೋಯಿತು. ಆದರೆ ದಿನ ತಂಗಳಾದದ್ದರಿಂದ ಮಾರನೆಯ ದಿನವೂ ಎರಡಕ್ಕೆ ಅದನ್ನೇ ಕೇಳಿದರು. ಅದರಾಚೆಯ ದಿನವೂ ಕೇಳಿದರು. ಸಾವಂತ್ರಮ್ಮ ಒಂದೂವರೆಗೇ ಮುಖ ತೊಳೆದು, ಕುಂಕುಮ ಇಟ್ಟುಕೊಂಡು, ಊಟ ಮಾಡದೆ, ಗಂಡನ ಹಾಸಿಗೆಯ ಪಕ್ಕ ಹೋಗಿ ಕೂರುತ್ತಿದ್ದರು. “ಇಲ್ಲ ಕಣ್ರೀ, ನಿಮ್ಮದಾಗ್ಲಿ ಅಂತ ಕಾದಿದೀನಿ” ಎಂದು ಉತ್ತರ ಕೊಡುತ್ತಿದ್ದರು. ಆಮೇಲೆ ಅದಷ್ಟನ್ನೂ ಚೀಟಿಯಲ್ಲಿ ಬರೆದು ಕಡ್ಡಿ ಹಾಕಿ ತಂದು ಡಬ್ಬಕ್ಕೆ ಹಾಕುತ್ತಿದ್ದರು. ನಾನು ಅದಷ್ಟನ್ನೂ ಗೀಟು ಹಾಕಿ ತೆಗೆಯುತ್ತಿದ್ದೆ.

ಮೂರನೆಯ ತಂಗಳಿನಂದು ಚೀಟಿ ಹಾಕಿ ಹೋದವರು ಸ್ವಲ್ಪ ಹೊತ್ತಿಗೆ ತಿರುಗಿ ಒಳಗೆ ಬಂದರು. ನೀಲಾಳಿಗೆಂದು ಮೆಣಸಿನ ಸಾರು ತಂದಿದ್ದರು. ಮೇಜಿನ ಮೇಲೆ ಕೆಂಪು ಗೀಟು ಎಳೆದ ಚೀಟಿಗಳು ಹರಡಿದ್ದವು. ಅವರದ್ದನ್ನು ಆಗಷ್ಟೇ ಡಬ್ಬದಿಂದ ತೆಗೆದು ಗೀಟು ಎಳೆಯುತ್ತಿದ್ದೆ. ಪೆನ್ಸಿಲು ಕೈಯಲ್ಲೇ ಇತ್ತು.

“ಇದ್ಯಾಕಮ್ಮ ಹೊಡೆದು ಹಾಕ್ತಿದೀಯ?” ಅಂದರು.

ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಕತ್ತರಿಸಿದ್ದು ಹೋಗಿಬಿಡುತ್ತದೆ, ಪಟ್ಟಿ ಒಪ್ಪಿಗೆಯಾದ ಬೆಳಿಗ್ಗೆ ಮೇಷ್ಟ್ರು ಹಾಗೆ ಕೇಳಿದ್ದರು ಎಂಬುದೇ ನಿಮಗೆ ನೆನಪಿರುವುದಿಲ್ಲ, ಹಾಗೆ ಈ ಊರಿನಲ್ಲಿ ಬಹಳಷ್ಟು ಹೋಗಿದೆ ಅಂದೆ. ಸಾವಂತ್ರಮ್ಮ ತಮ್ಮ ಚೀಟಿಯನ್ನು ಎತ್ತಿಕೊಂಡು ಗೀಟಿನ ಮೇಲೆ ಬೆರಳಾಡಿಸಿದರು. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನಂದು ಇನ್ನೂ ಏನೇನು ತೆಗೆದಿದೀಯ?” ಎಂದು ಕೇಳಿದರು.

“ಎರಡು ಸಲ ನಿಮ್ಮ ಮಗ ಫೋನಿನಲ್ಲಿ ಹೇಳಿದ್ದು. ಒಂದು ಸಲ ನಿಮ್ಮ ಅಕ್ಕ ಹೇಳಿದ್ದು.”

“ಏನಂತೆ ಅಕ್ಕ ಹೇಳಿದ್ದು?”

ಹೇಳಿದೆ. ಅವರು ಅದನ್ನು ಮೊದಲ ಸಲ ಕೇಳುವಂತೆ ಕೇಳಿ ಸಣ್ಣಗೆ ನಕ್ಕರು. ಆಮೇಲೆ ಸಾರಿನ ಪಾತ್ರೆ ಇಟ್ಟು ಎದ್ದುಹೋದರು. ಅವತ್ತಿಡೀ ನನ್ನ ಬೆರಳು ಕೀಲಿಗಳ ಮೇಲೆ ತಪ್ಪು ತಪ್ಪಾಗಿ ಬಿದ್ದವು. ನೀಲಾಳ ಕೂಗು ಬೀದಿ ದಾಟಿ ಕಚೇರಿಯವರೆಗೂ ಕೇಳುತ್ತಿತ್ತು.

ನಾಲ್ಕನೆಯ ತಂಗಳು ಬೆಳಗಾದಾಗ ನಾನು ಕಚೇರಿಗೆ ಹೋಗುವ ಬದಲು ನೇರವಾಗಿ ಅಚ್ಯುತಯ್ಯನವರ ಮನೆಗೆ ಹೋಗಿ ಅವರನ್ನು ಹಾಸಿಗೆಯಿಂದಲೇ ಎಬ್ಬಿಸಿ ಕರೆತಂದೆ. ಎಂಬತ್ತು ದಾಟಿದ ಮನುಷ್ಯ, ಮಫ್ಲರು ಸುತ್ತಿಕೊಂಡು, ದಾರಿಯುದ್ದಕ್ಕೂ ನನ್ನನ್ನು ದಡ್ಡಿ ಎಂದು ಬಯ್ಯುತ್ತಲೇ ಬಂದರು. ಸಂಜೆ ನಾಲ್ಕರ ಹೊತ್ತಿಗೆ ಪಟ್ಟಿ ಪೂರ್ತಿಯಾಯಿತು. ಅವರು ಕನ್ನಡಕ ಏರಿಸಿಕೊಂಡು ಪರದೆಯ ಮುಂದೆ ಕೂತರು.

“ಎಲ್ಲಿಂದ ನೋಡಿದೀಯ?”

“ಎರಡನೇ ನಂಬರಿನಿಂದ. ಕೊನೇವರೆಗೂ ನಾಲ್ಕು ಸಲ ನೋಡಿದೀನಿ.”

“ಒಂದನೇದು ಯಾರ ಮನೆ?”

“ನಮ್ಮದೇ.”

ಅಚ್ಯುತಯ್ಯ ನನ್ನನ್ನು ನೋಡಲಿಲ್ಲ. ಬೆರಳನ್ನು ಪರದೆಯ ಮೇಲಿನ ಮೊದಲ ಸಾಲಿಗೆ ತಂದಿಟ್ಟರು. ನಾನು ಬಗ್ಗಿ ಓದಿದೆ. ಐದು ದಿನ ನನ್ನ ಕೈಯಾರೆ ಹೊಡೆದ ಸಾಲನ್ನು ಆಗ ಮೊದಲ ಸಲ ಓದಿದೆ. ರಾತ್ರಿ ನಿದ್ದೆ ಬರಲಿಲ್ಲ, ಹೊಟ್ಟೆಯೊಳಗಿನ ಕೂಸಿಗೆ “ಹೆದರಬೇಡ, ನಾನಿದೀನಿ” ಅಂದೆ ಎಂದು ನೀಲಾ ಬರೆದಿದ್ದಳು. ಆಚೆಗೊಂದು ಕಡ್ಡಿ, ಈಚೆಗೊಂದು ಕಡ್ಡಿ. ನಮ್ಮ ಮನೆಯ ಮಾತಿನಲ್ಲಿ ತಪ್ಪಿರಲು ಸಾಧ್ಯವೇ ಇಲ್ಲವೆಂದು ನಾನು ಅದರ ಮೇಲೆ ಕಣ್ಣನ್ನೇ ಆಡಿಸಿರಲಿಲ್ಲ. ಮುನ್ನೂರ ಹನ್ನೊಂದು ಮನೆಗಳ ಮಾತು ಕತ್ತರಿಸಿದ್ದೆ. ಕುಂಬಾರರ ಹೂವು ಕತ್ತರಿಸಿದ್ದೆ. ನನಗೆ ನಾಚಿಕೆಯಿಂದ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

“ಆಯ್ತಲ್ಲ, ಪೆನ್ಸಿಲು ತಗೊ,” ಅಂದರು ಅಚ್ಯುತಯ್ಯ. “ಎರಡು ನಿಮಿಷದ ಕೆಲಸ. ಕತ್ತರಿಸು, ಕಳಿಸು, ಮನೆಗೆ ಹೋಗು. ಬೆಳಿಗ್ಗೆ ನಿನ್ನ ತಂಗಿ ಹಡೀತಾಳೆ.”

ಪೆನ್ಸಿಲು ತೆಗೆದುಕೊಂಡೆ. ಕೈ ಮುಂದಕ್ಕೆ ಹೋಗಲಿಲ್ಲ. ಸತ್ಯ ಹೇಳಬೇಕೆಂದರೆ ಆಗ ನನಗೆ ಊರಿನವರ ಮೇಲೆ ಕರುಣೆ ಬಂದದ್ದಲ್ಲ. ನನ್ನ ತಂಗಿ ಕತ್ತಲೆಯಲ್ಲಿ ತನ್ನ ಕೂಸಿಗೆ ಆಡಿದ ಮೊದಲ ಮಾತನ್ನು ನಾನು ತೆಗೆಯಲಾರೆ ಅನ್ನಿಸಿತು, ಅಷ್ಟೇ. ಊರಿಗೆಲ್ಲ ಚುರುಕಾಗಿದ್ದ ನನ್ನ ಕೈ ನಮ್ಮ ಮನೆಯ ಚೀಟಿಗೆ ಬಂದಾಗ ಮೊಂಡಾಯಿತು.

“ಬೇರೆ ದಾರಿಯೇ ಇಲ್ವಾ ಅಯ್ಯನೋರೇ?”

ಅವರು ಮಫ್ಲರು ಬಿಚ್ಚಿ ಮತ್ತೆ ಸುತ್ತಿಕೊಂಡರು. “ಇತ್ತು,” ಅಂದರು. “ನನಗಿಂತ ಮುಂಚೆ ಇದ್ದವರು ಕತ್ತರಿಸ್ತಿರಲಿಲ್ಲ. ಒಳಗಿನ ಪ್ರತಿ ಕಡ್ಡಿಯ ಮುಂದೆ ಒಂದು ಓರೆಗೆರೆ ಎಳೀತಿದ್ರು. ಅದು ಕಾವಲು. ಇದು ಮಾತು ಮುಗಿಸೋ ಕಡ್ಡಿ ಅಲ್ಲ, ಒಳಗಿನ ಕಡ್ಡಿ, ಹಾಗೇ ಮುಂದಕ್ಕೆ ಓದಿ ಅಂತ ಸಾಹೇಬರಿಗೆ ತಿಳಿಸುತ್ತೆ. ಒಂದು ಅಕ್ಷರಾನೂ ಹೋಗೋದಿಲ್ಲ.”

“ಮತ್ತೆ ನೀವು ಯಾಕೆ ಬಿಟ್ರಿ?”

“ದಿನಾ ಸಾವಿರ ಗೆರೆ ಯಾರು ಎಳೀತಾರೆ? ಸೋಮಾರಿತನ ಕಣೆ. ಕತ್ತರಿಸಿದ್ರೆ ಯಾರಿಗೂ ಗೊತ್ತಾಗಲ್ಲ, ಕೇಳೋರಿಲ್ಲ.” ಅವರ ದನಿ ಸಣ್ಣದಾಯಿತು. “ಈಗ ಇನ್ನೊಂದು ತೊಂದರೆ ಇದೆ. ಆ ಗೆರೆ ಎಡಕ್ಕೆ ವಾಲಬೇಕೋ ಬಲಕ್ಕೆ ವಾಲಬೇಕೋ ನನಗೆ ಮರೆತುಹೋಗಿದೆ.”

ಕೀಲಿಮಣೆಯಲ್ಲಿ ಎರಡೂ ಇದ್ದವು, ಒಂದು ಬಲಕ್ಕೆ ವಾಲಿದ್ದು, ಒಂದು ಎಡಕ್ಕೆ ವಾಲಿದ್ದು. ಅಚ್ಯುತಯ್ಯ ಕಣ್ಣು ಮುಚ್ಚಿ ಬೆರಳನ್ನು ಗಾಳಿಯಲ್ಲಿ ಆಡಿಸಿದರು, ಬೆರಳಿಗಾದರೂ ನೆನಪಿದೆಯೇನೋ ಎಂದು. ಒಮ್ಮೆ ಹೀಗೆ ಹೋಯಿತು, ಒಮ್ಮೆ ಹಾಗೆ ಹೋಯಿತು. ಗಂಟೆ ನಾಲ್ಕೂವರೆಯಾಗಿತ್ತು. ಕತ್ತರಿಸಿ ಕಳಿಸಿದರೆ ಖಂಡಿತ ಬೆಳಗಾಗುತ್ತದೆ. ಗೆರೆ ಎಳೆದು ಕಳಿಸಿದರೆ ಆಗಲೂಬಹುದು, ಆಗದೆಯೂ ಇರಬಹುದು. ಆಗದಿದ್ದರೆ ನೀಲಾಳಿಗೆ ಮತ್ತೊಂದು ಎಂಟು ಗಂಟೆ. ಮನೆಗೆ ಹೋಗಿ ಅವಳನ್ನೇ ಕೇಳೋಣವೆಂದು ಬಾಗಿಲವರೆಗೆ ಹೋದೆ. ಅವಳ ಕೂಗು ಕೇಳಿಸಿತು. ಅಲ್ಲಿಂದಲೇ ತಿರುಗಿ ಬಂದೆ.

ಅಚ್ಯುತಯ್ಯ ಬಲಕ್ಕೆ ವಾಲಿದ್ದೇ ಇರಬೇಕೆಂದರು. ನಮ್ಮ ಮನೆಯ ಸಾಲಿಗೆ ಎರಡು ಗೆರೆ ಎಳೆದೆ. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಪಕ್ಕದಲ್ಲೇ ಸಾವಂತ್ರಮ್ಮನ ಚೀಟಿ ಬಿದ್ದಿತ್ತು. ನನ್ನ ತಂಗಿಯದಕ್ಕೆ ಕಾವಲು ಇಟ್ಟು ಅವರದ್ದಕ್ಕೆ ಗೀಟು ಎಳೆಯುವುದು ಹೇಗೆ? ಕತ್ತರಿಸಿದ್ದ ಎಲ್ಲ ಚೀಟಿಗಳನ್ನೂ ಗುಡ್ಡೆ ಹಾಕಿಕೊಂಡು ಕೂತೆ. ಅಚ್ಯುತಯ್ಯ ಓದಿ ಹೇಳಿದರು, ನಾನು ಒಂದೊಂದು ಮಾತನ್ನೂ ಅದರ ಜಾಗಕ್ಕೆ ತಂದು ಕೂರಿಸಿ ಒಂದೊಂದು ಕಡ್ಡಿಗೂ ಗೆರೆ ಎಳೆದೆ. ಕುಂಬಾರರ ಹೂವನ್ನೂ ಚುಕ್ಕಿಗಳಲ್ಲಿ ಹೇಗೋ ಮೂಡಿಸಿದೆ. ಆರಕ್ಕೆ ಸರಿಯಾಗಿ ಕಳಿಸಿ, ಮನೆಗೆ ಓಡಿ, ನೀಲಾಳ ಕೈ ಹಿಡಿದು ಕೂತೆ. ಅವಳು ನನ್ನ ಬೆರಳುಗಳನ್ನು ಜಜ್ಜಿ ಹಾಕುವಷ್ಟು ಬಿಗಿಯಾಗಿ ಹಿಡಿದಿದ್ದಳು.

ಕೋಳಿ ಕೂಗಿತು. ಹಿಡಿತ ಸಡಿಲವಾಯಿತು. ನೀಲಾಳ ಕೂಗು ನಿಂತಿತು.

ಐದನೆಯ ತಂಗಳಿನ ಆ ಬೆಳಿಗ್ಗೆ ಅವಳು ನನ್ನನ್ನು ಏನೂ ಕೇಳಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಹಾಲನ್ನು ಒಲೆಯ ಮೇಲಿಡಬೇಡ ಎಂದಷ್ಟೇ ಅಂದಳು. ಇಡಲಿಲ್ಲ. ಎಂಟಕ್ಕೆ ನೋವು ಬಂತು. ಜೈತೂನ್ ಬಿ ನನ್ನ ಮುಖ ನೋಡದೆ ಒಳಗೆ ಹೋದರು. ಅಚ್ಯುತಯ್ಯನವರು ಹಿಂದಿನ ಸಂಜೆಯೇ ಎಲ್ಲವನ್ನೂ ಅವರಿಗೆ ಹೇಳಿಬಿಟ್ಟಿದ್ದರು.

ನಾನು ಕಚೇರಿಯಲ್ಲಿ ಮತ್ತೆ ಒಂದನೇ ನಂಬರಿನಿಂದ ಹೊಡೆಯತೊಡಗಿದೆ. ಈ ಸಲ ಎಡಕ್ಕೆ ವಾಲಿದ ಗೆರೆ. ಇದೂ ತಪ್ಪಾದರೆ? ಓರೆಗೆರೆಯ ಕಥೆಯೇ ಮುದುಕರ ಕಲ್ಪನೆಯಾಗಿದ್ದರೆ? ಪ್ರತಿ ಕಡ್ಡಿಗೂ ಬೆರಳು ಹಿಂಜರಿಯುತ್ತಿತ್ತು, ಪ್ರತಿ ಸಾಲಿಗೂ ಪೆನ್ಸಿಲಿನ ಕಡೆ ಕಣ್ಣು ಹೋಗುತ್ತಿತ್ತು. ಎರಡೂಕಾಲಿಗೆ ಸಾವಂತ್ರಮ್ಮ ಬಂದರು. ಕುಂಕುಮ ಇಟ್ಟುಕೊಂಡಿದ್ದರು. ಕೈಯಲ್ಲಿ ಚೀಟಿಯಿತ್ತು, ಆದರೆ ಡಬ್ಬಕ್ಕೆ ಹಾಕದೆ ನನ್ನ ಮುಂದೆ ಇಟ್ಟರು.

“ಇವತ್ತೂ ಕೇಳಿದ್ರು. ಆರು ಸಲ ಆಯ್ತು. ನನಗೆ ಸಾಕು. ನಂದು ತೆಗೆದ್ಬಿಡು ಸುಗಂಧಿ.”

“ತೆಗೆದ್ರೆ ನಿಮಗೆ ನೆನಪೇ ಇರಲ್ಲ ಸಾವಂತ್ರಮ್ಮ.”

“ನೆನಪಿರದೇ ಇದ್ರೆ ದುಃಖಾನೂ ಇರಲ್ಲ ಅಲ್ವಾ? ಆ ಹುಡುಗಿ ಕೂಗೋದನ್ನ ಕೇಳ್ಕೊಂಡು ನಾನು ಕುಂಕುಮ ಇಟ್ಕೊಂಡು ಕೂತಿದೀನಿ. ನನಗೇ ಅಸಹ್ಯ ಆಗ್ತಿದೆ.” ಅವರು ಮೇಜಿನ ಮೇಲಿದ್ದ ಕೆಂಪು ಪೆನ್ಸಿಲನ್ನು ತಾವೇ ತೆಗೆದುಕೊಂಡು ತಮ್ಮ ಚೀಟಿಯ ಮೇಲೆ ಗೀಟು ಎಳೆದರು. ಗೀಟು ಸೊಟ್ಟಗೆ ಹೋಯಿತು. “ನೀನೇನಾದ್ರೂ ಇದನ್ನ ಸೇರಿಸಿದ್ರೆ ನನ್ನಾಣೆ,” ಎಂದು ಹೊರಟುಹೋದರು.

ಅವರ ಆಣೆಯನ್ನು ನಾನು ಮುರಿದೆ. ಗೀಟಿನ ಕೆಳಗೆ ಮಾತು ಚೆನ್ನಾಗಿಯೇ ಕಾಣುತ್ತಿತ್ತು. ಎಡಕ್ಕೆ ವಾಲಿದ ಒಂದು ಗೆರೆ, ಕಡ್ಡಿ, ಮೇಷ್ಟ್ರ ಮಾತು, ಮತ್ತೊಂದು ಗೆರೆ, ಕಡ್ಡಿ. ಧೈರ್ಯದಿಂದ ಮಾಡಿದೆನೆಂದು ಹೇಳಲಾರೆ. ಎರಡು ಸಲ ಆ ಸಾಲನ್ನು ಅಳಿಸಿ ಮತ್ತೆ ಹೊಡೆದೆ. ಆರಕ್ಕೆ ಕಳಿಸಿದೆ.

ಆ ರಾತ್ರಿ ಕಳೆದದ್ದು ಹೇಗೆಂದು ಹೇಳುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ನಾನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದೆ. ಜೈತೂನ್ ಬಿ ನನ್ನ ತಲೆಗೆ ಮೊಟಕಿದರು. ಕಿವಿಯಿಂದ ಕೈ ತೆಗೆದೆ. ಕೋಳಿ ಆಗಲೇ ಕೂಗಿ ಮುಗಿಸಿತ್ತು. ಕಿಟಕಿಯಲ್ಲಿ ಬೆಳಕಿತ್ತು. ನೀಲಾ ಕೂಗುತ್ತಲೇ ಇದ್ದಳು.

“ಬಿಸಿನೀರು ತಾ ಹೋಗು, ದಡ್ಡಿ, ಹಾಗೇ ಕೂತಿದೀಯಲ್ಲ!” ಎಂದು ಜೈತೂನ್ ಬಿ ಅಳುತ್ತಾ ನಗುತ್ತಾ ಬೈದರು. ಹೊರಗೆ ಬೀದಿಯಲ್ಲಿ ಜನ ಬಾಗಿಲು ತೆರೆದು ಬಂದು ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ಡಬ್ಬಿಯಲ್ಲಿ ಹೋಳಿಗೆ ಖಾಲಿಯಾಗಿದೆ, ಹೊಸ ಹಾಲು ಬಂದಿದೆ ಎಂದು ಸಂಭ್ರಮ. ಏಳೂವರೆಗೆ ಮಗು ಹುಟ್ಟಿತು. ಹೆಣ್ಣು. ಎಂಟು ಗಂಟೆಯಾದಾಗ ನೀಲಾ ಗಡಿಯಾರವನ್ನು ನೋಡಿದಳು, ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಮಧ್ಯಾಹ್ನಕ್ಕೆ ಅವಳ ಗಂಡನ ಲಾರಿ ಬಂತು.

ಎರಡು ಗಂಟೆಗೆ ನಾನು ಎದುರು ಮನೆಗೆ ಹೋದೆ. ಸಾವಂತ್ರಮ್ಮ ಹಾಸಿಗೆಯ ಪಕ್ಕ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದರು. ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು, ಏನೂ ಕೇಳಲಿಲ್ಲ. ಆಣೆ ಮುರಿದದ್ದಕ್ಕೆ ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ.

“ಇವತ್ತು ಏನೂ ಅನ್ನಲಿಲ್ಲ,” ಅಂದರು ಅವರು. “ನಿನ್ನೆ ಅಂದಿದ್ರಲ್ಲ. ನನಗೆ ಗೊತ್ತಿದೆ.” ಅನ್ನ ಕಲಸುತ್ತಾ ಕಣ್ಣು ಒರೆಸಿಕೊಂಡರು. ನನ್ನನ್ನು ಕೂರೆಂದೂ ಅನ್ನಲಿಲ್ಲ, ಹೋಗೆಂದೂ ಅನ್ನಲಿಲ್ಲ.

ಮನೆಗೆ ಬಂದಾಗ ಜೈತೂನ್ ಬಿ ಹೊರಟಿದ್ದರು. ನೀಲಾಳ ಗಂಡ ನಿದ್ದೆ ಹೋಗಿದ್ದ. ನೀಲಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು.

“ನಾಲ್ಕನೇ ತಂಗಳಿಗೇ ನಿನಗೆ ತಪ್ಪು ಸಿಕ್ಕಿತ್ತಂತೆ.”

“ಸಿಕ್ಕಿತ್ತು.”

“ನನ್ನ ಮಾತು ಕತ್ತರಿಸಿ ಕಳಿಸಿದ್ರೆ ಮಾರನೇ ದಿನವೇ ಬೆಳಗಾಗ್ತಿತ್ತು.”

“ಆಗ್ತಿತ್ತು.”

“ನನ್ನ ಯಾಕೆ ಕೇಳ್ಲಿಲ್ಲ ಅಕ್ಕ?”

“ಕೇಳೋಕೆ ಬಾಗಿಲವರೆಗೂ ಬಂದಿದ್ದೆ. ಕೇಳಿದ್ರೆ ಕತ್ತರಿಸು ಅಂತಿದ್ದೆ ನೀನು.”

“ಅಂತಿದ್ದೆ.” ಅವಳು ಮಗುವಿನ ಮುಷ್ಟಿಯನ್ನು ಬಿಡಿಸಿ ಒಂದೊಂದೇ ಬೆರಳನ್ನು ನೋಡಿದಳು. “ಕೂಸಿಗೆ ಏನಂದಿದ್ದೆ ಅನ್ನೋದು ನನಗೆ ನೆನಪಿದೆ. ಇರೋದು ಒಳ್ಳೇದೇ. ಆದ್ರೆ ಆ ಐದನೇ ತಂಗಳಲ್ಲಿ ಇದು ಹೊಟ್ಟೇಲೇ ಇರ್ಲಿ, ನಾನು ಹೋಗ್ಬಿಡ್ಲಿ ಅಂತ ಬೇಡ್ಕೊಂಡೆ. ಅದೂ ನೆನಪಿದೆ. ಅದನ್ನ ಚೀಟೀಲಿ ಬರೆದಿಲ್ಲ, ಅದನ್ನ ಯಾರು ತೆಗೀತಾರೆ?”

ನಾನು ಮಗುವಿಗಾಗಿ ಎರಡೂ ಕೈ ಚಾಚಿದೆ. ನೀಲಾ ನನ್ನ ಕೈಗಳನ್ನು ನೋಡಿದಳು, ನನ್ನ ಮುಖ ನೋಡಿದಳು. ಕೊಡಲಿಲ್ಲ.

“ನಾಳೆ ಕೊಡ್ತೀನಿ,” ಅಂದಳು.

ನಾನು ಎದ್ದು ಕಚೇರಿಗೆ ಹೋದೆ. ಡಬ್ಬ ತುಂಬಿ ಚೀಟಿಗಳು ಹೊರಗೆ ಬಿದ್ದಿದ್ದವು. ಊರಿನವರೆಲ್ಲ ಅವತ್ತು ಉದ್ದುದ್ದ ಬರೆದಿದ್ದರು, ಬೇರೆಯವರು ಆಡಿದ್ದೇ ಜಾಸ್ತಿ. ಮೊದಲು ನಮ್ಮ ಮನೆಯದನ್ನು ಹೊಡೆದೆ. ಹೆಣ್ಣು ಮಗು ಹುಟ್ಟಿತು, ನೀಲಾ ನನಗೆ “ನಾಳೆ ಕೊಡ್ತೀನಿ” ಅಂದಳು ಎಂದು ಬರೆದು, ಒಳಗಿನ ಎರಡೂ ಕಡ್ಡಿಗಳ ಮುಂದೆ ಎಡಕ್ಕೆ ವಾಲಿದ ಗೆರೆ ಎಳೆದೆ. ಉಳಿದ ಮುನ್ನೂರ ಹನ್ನೊಂದನ್ನೂ ಮುಗಿಸಿದ ಮೇಲೆ ಮತ್ತೆ ಮೇಲಕ್ಕೆ ಹೋಗಿ ಒಂದನೇ ಸಾಲನ್ನು ನಾಲ್ಕು ಸಲ ಓದಿದೆ. ಆರಕ್ಕೆ ಕಳಿಸಿದೆ.